ಜೋಡಿಗೆರೆಯ ತಟ್ಟೆ

ಆ ಊರಿನ ಹೆಸರು ಕೇಳಬೇಡಿ. ಇದ್ದ ಹೆಸರನ್ನು ಊರಿನವರೇ ಮರೆತಿದ್ದರು, ಮರೆತದ್ದಕ್ಕೆ ಅವರಿಗೆ ಬೇಜಾರೂ ಇರಲಿಲ್ಲ. ಸುತ್ತ ಕಲ್ಲಿನ ಗೋಡೆ, ಗೋಡೆಗೆ ಒಂದೇ ಬಾಗಿಲು, ಒಳಗೆ ದುಂಡನೆಯ ಒಂದು ಬಯಲು. ಬಯಲಿನ ನಡುವೆ ಕಾಲುವೆಯ ನೀರಿನಿಂದ ತಿರುಗುವ ಚಕ್ರ, ಚಕ್ರದ ಮೇಲೆ ಕಹಳೆ. ಕಹಳೆಯ ಬಾಯಿ ಎಷ್ಟು ಅಗಲವಾಗಿತ್ತೆಂದರೆ ಮಳೆ ಬಂದಾಗ ಮೇಕೆಗಳು ಅದರೊಳಗೆ ನಿಂತು ಮೈ ಒದ್ದೆಯಾಗದಂತೆ ನೋಡಿಕೊಳ್ಳುತ್ತಿದ್ದವು. ನೀರು ಎಂದೂ ನಿಲ್ಲುತ್ತಿರಲಿಲ್ಲ, ಆದ್ದರಿಂದ ಚಕ್ರವೂ ನಿಲ್ಲುತ್ತಿರಲಿಲ್ಲ.

ಆ ಊರಿನಲ್ಲಿ ಮನುಷ್ಯರು ಮನುಷ್ಯರಿಗೆ ತೀರ್ಪು ಹೇಳುತ್ತಿರಲಿಲ್ಲ. ತಟ್ಟೆ ಹೇಳುತ್ತಿತ್ತು. ಊಟದ ತಟ್ಟೆಯಲ್ಲ, ಹಾಡುವ ತಟ್ಟೆ. ವಿನೈಲ್ ಎಂಬ ಕರಿಯ ಸಾಮಾನನ್ನು ಕಾಯಿಸಿ, ಮುದ್ದೆ ಕಟ್ಟಿ, ಅಚ್ಚಿನ ಎರಡು ಬಿಲ್ಲೆಗಳ ನಡುವೆ ಒತ್ತಿ ತೆಗೆಯುವ ತಟ್ಟೆ. ಪ್ರಾಯಕ್ಕೆ ಬಂದವರೆಲ್ಲ ಒಂದು ಸಲ ಕಹಳೆಯ ಬಾಯಿಗೆ ಎದುರಾಗಿ ನಿಲ್ಲಬೇಕು. ಅವರ ತಲೆಯ ಒಂದೆಳೆ ಕೂದಲನ್ನು ಮುದ್ದೆಯಲ್ಲಿ ಸೇರಿಸಿ ಅವರಿಗೆಂದೇ ಒತ್ತಿದ ತಟ್ಟೆಯನ್ನು ಚಕ್ರದ ಮೇಲಿಡುತ್ತಾರೆ. ಮುಳ್ಳಿನಯ್ಯನೆಂಬ ಊರ ಹಿರಿಯ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ತಟ್ಟೆಯನ್ನು ಹಾಡಿಸುವ ಮುಳ್ಳನ್ನು ಅದರ ಮೇಲೆ ಇಳಿಸುತ್ತಾನೆ. ತಟ್ಟೆ "ಇಲ್ಲೇ ಇರು" ಎಂದರೆ ಇರಬೇಕು. "ಹೋಗಿ ಬಾ" ಎಂದರೆ ಹಿಂದೆ ತಿರುಗಿ ನೋಡದೆ ಬಾಗಿಲು ದಾಟಬೇಕು. ತಟ್ಟೆಯ ಮಾತು ಪೂರ್ತಿಯಾಗುವ ತನಕ ಯಾರೂ ಮುಳ್ಳು ಎತ್ತುವಂತಿಲ್ಲ, ಬಯಲಲ್ಲಿ ನಿಂತವರು ನಿಂತ ಜಾಗದಿಂದ ಕದಲುವಂತಿಲ್ಲ.

ಹೋದವರು ಯಾರೂ ಇದುವರೆಗೆ ಬಂದಿರಲಿಲ್ಲ. ಅದನ್ನು ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮನೆಯಿಂದ ಹೊರಡುವವರಿಗೆ ಬರೀ "ಹೋಗು" ಎನ್ನುವ ರೂಢಿ ನಮ್ಮಲ್ಲಿ ಎಲ್ಲಿಯೂ ಇಲ್ಲ, ಆ ಊರಿನಲ್ಲಂತೂ ಅದು ಬೈಗುಳ. "ಹೋಗಿ ಬಾ" ಎಂದು ಕಳಿಸಿದ ಮೇಲೆ ಬರುವುದು ಹೋದವರ ಪಾಲಿನ ಕೆಲಸ, ಕಳಿಸಿದವರದೇನು ತಪ್ಪು ಎಂದು ಊರು ನೆಮ್ಮದಿಯಾಗಿ ನಿದ್ದೆ ಮಾಡುತ್ತಿತ್ತು. ಮಕ್ಕಳು ಕೂಡ ಅದನ್ನೇ ಆಡುತ್ತಿದ್ದರು. ಒಂದು ಮಗು "ಹೋಗಿ ಬಾ" ಎನ್ನುವುದು, ಇನ್ನೊಂದು ಗಕ್ಕನೆ ತಿರುಗಿ ಗೋಡೆಯವರೆಗೆ ನಡೆಯುವುದು. ಕತ್ತು ಹೊರಳಿಸಿದ ಮಗುವಿಗೆ ಆಟದಲ್ಲಿ ಜಾಗವಿಲ್ಲ.

ತಟ್ಟೆಗಳನ್ನು ಒತ್ತುತ್ತಿದ್ದವಳು ಅಚ್ಚಿನವಳು. ಅವಳ ಕೈಯಲ್ಲಿ ಬೇಕಾದಷ್ಟು ಚಮತ್ಕಾರವಿತ್ತು. ಮದುವೆಗೆ ಅರಿಶಿನ ಕಲಸಿದ ಹಳದಿ ತಟ್ಟೆ, ಮಗುವಿನ ನಾಮಕರಣಕ್ಕೆ ಹೂವಿನೆಸಳು ಹುದುಗಿಸಿದ ತಟ್ಟೆ. ಸೊಸೆಯಂದಿರು ಗುಟ್ಟಾಗಿ ಒತ್ತಿಸಿಕೊಂಡು ಹೋಗುವ ಇನ್ನೊಂದು ಬಗೆಯಿತ್ತು: ನಡುವಿನ ತೂತನ್ನು ಬೇಕೆಂದೇ ಓರೆಯಾಗಿ ಕೊರೆದ ತಟ್ಟೆ. ಅದರಲ್ಲಿ ಅತ್ತೆಯ ದನಿ ಹೆಂಡ ಕುಡಿದವರ ಹಾಗೆ ತೂರಾಡುತ್ತಿತ್ತು. ಮುಳ್ಳು ಒಳಗಿನಿಂದ ಹೊರಗೆ ಓಡುವ ತಟ್ಟೆಯನ್ನೂ ಮಾಡುತ್ತಿದ್ದಳು, ಹಾಡು ಮುಗಿಯುವ ಹೊತ್ತಿಗೆ ಮುಳ್ಳು ಅಂಚಿನಿಂದ ಜಾರಿ ಟಕ್ಕೆಂದು ಕೆಳಗೆ ಬೀಳುವುದನ್ನು ನೋಡಿ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ತಮಾಷೆಯೆಲ್ಲ ಊರಿಗೆ ಗೊತ್ತಿತ್ತು. ಒಂದು ಮಾತ್ರ ಗೊತ್ತಿರಲಿಲ್ಲ.

ತೀರ್ಪಿನ ತಟ್ಟೆಯಲ್ಲಿದ್ದದ್ದು ಒಂದು ಗೆರೆಯಲ್ಲ, ಎರಡು. ಮೊದಲು ಒಂದು ಗೆರೆಯನ್ನು ಅಂಚಿನಿಂದ ನಡುವಿನವರೆಗೆ ಸುತ್ತುಸುತ್ತಾಗಿ ಬಿಡುವು ಬಿಟ್ಟು ಕೊರೆಯುವುದು, ಆಮೇಲೆ ಆ ಬಿಡುವಿನಲ್ಲಿ ಇನ್ನೊಂದನ್ನು ಕೊರೆಯುವುದು. ಎರಡೂ ಒಂದರ ಪಕ್ಕ ಒಂದು ಸಾಗುತ್ತವೆ, ಎಲ್ಲಿಯೂ ಕೂಡುವುದಿಲ್ಲ. ಒಂದರಲ್ಲಿ "ಇಲ್ಲೇ ಇರು", ಒಂದರಲ್ಲಿ "ಹೋಗಿ ಬಾ". ತಿರುಗುವ ತಟ್ಟೆಯ ಮೇಲೆ ಮುಳ್ಳು ಯಾವ ಗೆರೆಗೆ ಬೀಳುತ್ತದೋ ಆ ಮಾತು ಹೊರಡುತ್ತದೆ, ಇನ್ನೊಂದು ಪಕ್ಕದಲ್ಲೇ ಮೂಕವಾಗಿ ಸುತ್ತುತ್ತಿರುತ್ತದೆ. ಊರಿನವರು ಕೂದಲೆಳೆಯೇ ತಟ್ಟೆಗೆ ಮನುಷ್ಯನ ಗುಣ ಹೇಳುತ್ತದೆಂದು ನಂಬಿದ್ದರು. ಗುಟ್ಟು ಗೊತ್ತಿದ್ದದ್ದು ಅಚ್ಚಿನವಳಿಗೆ ಮತ್ತು ಮುಳ್ಳಿನಯ್ಯನಿಗೆ.

ಗೆರೆ ಕೊರೆಯುವಾಗ ಆಡಿದ ಮಾತೇ ಅದರಲ್ಲಿ ಕೂರುತ್ತಿದ್ದದ್ದರಿಂದ ಆ ಎರಡು ಮಾತೂ ಅಚ್ಚಿನವಳ ದನಿಯಲ್ಲೇ ಇರುತ್ತಿದ್ದವು. ಅವಳ ತಾಯಿ ಸತ್ತು ಅಚ್ಚು ಅವಳ ಕೈಗೆ ಬಂದಂದಿನಿಂದ ಊರನ್ನು ಬಿಟ್ಟವರೆಲ್ಲ ಅವಳ ದನಿ ಕೇಳಿಯೇ ಬಿಟ್ಟಿದ್ದರು. ಗಡುಸಾಗಿ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ. ಮಗುವಿಗೆ ತಲೆ ಬಾಚಿ ಬೆನ್ನು ತಟ್ಟಿ ಕಳಿಸುವ ತಾಯಿಯ ಹಾಗೆ "ಹೋಗಿ ಬಾ" ಎನ್ನುತ್ತಿದ್ದಳು. ಅಷ್ಟು ಅಕ್ಕರೆಯಿಂದ ಹೇಳಿದ ಮೇಲೆ ಯಾರಿಗೆ ತಾನೇ ಅಳು ಬರುತ್ತದೆ? ಅವರು ನಗುತ್ತಲೇ ಬಾಗಿಲು ದಾಟುತ್ತಿದ್ದರು.

ಹಾಗೆ ದಾಟಿದವರಲ್ಲಿ ಎಣ್ಣೆಯವಳ ಮಗನೂ ಒಬ್ಬ. ಗಾಣದ ಎಣ್ಣೆ ಮಾರುವ ಆ ಹೆಂಗಸು ತೀರ್ಪಿನ ದಿನಗಳಲ್ಲಿ ಬೇಕೆಂದೇ ಬಾಗಿಲ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಅಚ್ಚಿನವಳು ಬಾವಿಯ ಹತ್ತಿರ ಸಿಕ್ಕಾಗಲೆಲ್ಲ ಎಣ್ಣೆಯವಳೇ ಅವಳ ಕೈ ಹಿಡಿದುಕೊಳ್ಳುತ್ತಿದ್ದಳು.

"ನನ್ನ ಮಗನ್ನ ಎಷ್ಟು ಚೆನ್ನಾಗಿ ಕಳಿಸಿಕೊಟ್ಟೆ ತಾಯಿ. ನಾನಾಗಿದ್ರೆ ಗಂಟಲು ಕಟ್ಟಿ ಮಾತೇ ಹೊರಡ್ತಿರಲಿಲ್ಲ."

"ಬರ್ತಾನೆ ಬಿಡು," ಎನ್ನುತ್ತಿದ್ದಳು ಅಚ್ಚಿನವಳು. ಹೇಳಿ ಹೇಳಿ ಆ ಮಾತಿಗೆ ಅರ್ಥವೇ ಉಳಿದಿರಲಿಲ್ಲ. ಕೊಡ ತುಂಬುವ ಮೊದಲೇ ಎತ್ತಿಕೊಂಡು ಮನೆಗೆ ಬಂದುಬಿಡುತ್ತಿದ್ದಳು.

ಹೀಗಿರುವಾಗ ಅಚ್ಚಿನವಳ ಮಗಳು ಪ್ರಾಯಕ್ಕೆ ಬಂದಳು.

ಇದ್ದದ್ದು ಅವಳೊಬ್ಬಳೇ ಮಗಳು. ಬರುತ್ತದೆಂದು ಗೊತ್ತಿದ್ದ ದಿನವೇ, ಆದರೂ ಬಂದಾಗ ಅಚ್ಚಿನವಳು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. ಅವಳು ಮುಳ್ಳಿನಯ್ಯನ ಜಗಲಿಗೆ ಹೋಗಿ ನಿಂತಳು. ಅವನು ಮುಳ್ಳುಗಳನ್ನು ಕಲ್ಲಿಗೆ ತಿಕ್ಕಿ ಚೂಪು ಮಾಡುತ್ತಿದ್ದ.

"ಅಯ್ಯಾ, ಈ ಸಲದ್ದನ್ನ ಬೇರೆ ಯಾರಾದ್ರೂ ಒತ್ತಲಿ."

"ಬೇರೆ ಯಾರಿಗೆ ಬರುತ್ತೆ?"

"ನನ್ನ ಮಗಳು ಅಯ್ಯಾ."

"ಎಲ್ಲಾರೂ ಯಾರೋ ಹೆತ್ತವರೇ ಅಲ್ವಾ? ಇಷ್ಟು ದಿನ ಒತ್ತುವಾಗ ಅದು ನಿನಗೆ ಹೊಳೀಲಿಲ್ವಾ?" ಮುಳ್ಳಿನಯ್ಯ ಕೋಪದಿಂದೇನೂ ಹೇಳಲಿಲ್ಲ. ತಿಕ್ಕುವುದನ್ನು ನಿಲ್ಲಿಸಲೂ ಇಲ್ಲ. "ಗೋಡೆಯೊಳಗೆ ಜಾಗ ಇರೋದು ಇಷ್ಟೇ. ಹಿಂದೆ ಹಿರಿಯರು ತಮ್ಮ ಬಾಯಲ್ಲೇ ಹೇಳಿ ಕಳಿಸ್ತಿದ್ರಂತೆ, ಹೆತ್ತವರು ಬಂದು ಅವರ ಮನೆ ಮುಂದೆ ಮಣ್ಣು ತೂರ್ತಿದ್ರಂತೆ. ಈಗ ನಾನೂ ಆರಿಸಲ್ಲ, ನೀನೂ ಆರಿಸಲ್ಲ. ಮುಳ್ಳು ಬಿದ್ದ ಕಡೆ ಬಿತ್ತು. ಅದಕ್ಕೇ ಇಬ್ಬರೂ ಕೈ ತೊಳ್ಕೊಂಡು ನೆಮ್ಮದಿಯಾಗಿ ಉಣ್ತಾ ಇದ್ದೀವಿ."

ಅಚ್ಚಿನವಳು ಹೊರಡಲು ತಿರುಗಿದಳು.

"ಎರಡು ಮಾತೂ ಇರಬೇಕು," ಎಂದ ಮುಳ್ಳಿನಯ್ಯ. "ಹಿಂದಿನ ದಿನ ಬಂದು ಯಾವತ್ತಿನ ಹಾಗೆ ಕೇಳಿ ನೋಡ್ತೀನಿ. ಒಂದೇ ಮಾತು ಎರಡು ಕಡೆ ಕೊರೆದಿದ್ರೆ, ತಟ್ಟೆ ಇಲ್ಲದೇನೇ ನಿನ್ನ ಮಗಳನ್ನ ಕಳಿಸಬೇಕಾಗುತ್ತೆ."

ಮನೆಯಲ್ಲಿ ಮಗಳು ಕನ್ನಡಿಯ ಮುಂದೆ ಕೂತು ಕೂದಲು ಬಿಡಿಸಿಕೊಳ್ಳುತ್ತಿದ್ದಳು. "ಯಾವ ಎಳೆ ಕೊಡ್ಲಿ ಅಮ್ಮಾ? ತುದಿ ಸೀಳಿರೋದನ್ನ ಕೊಟ್ರೆ ಗುಣ ಸರಿಯಿಲ್ಲ ಅಂತ ಕಳಿಸಿಬಿಡುತ್ತೇನೋ ತಟ್ಟೆ."

"ಯಾವುದಾದ್ರೂ ಕೊಡು."

"ಹೋದವರು ಎಲ್ಲಿಗೆ ಹೋಗ್ತಾರೆ?"

"ನಂಗೊತ್ತಿಲ್ಲ ಮಗಳೇ."

"ನಿನ್ನ ದನೀನೇ ಅಲ್ವಾ ಕಳಿಸೋದು, ನಿನಗೆ ಗೊತ್ತಿಲ್ವಾ?" ಮಗಳು ನಕ್ಕಳು. ಆಮೇಲೆ ನಗು ಅರ್ಧಕ್ಕೇ ನಿಂತಿತು. "ನಂಗೆ ತುಂಬಾ ಹೆದರಿಕೆ ಆಗ್ತಿದೆ. ಆದ್ರೂ ನೀನು ಬಾ ಅಂದಾಗ ನಾನು ಯಾವತ್ತಾದ್ರೂ ಬರದೆ ಇದ್ದೀನಾ? ಹೋದ್ರೂ ಬರ್ತೀನಿ."

ಅಚ್ಚಿನವಳು ಮಗಳ ತಲೆಯಿಂದ ಒಂದೆಳೆ ಕಿತ್ತು ಬೆರಳಿಗೆ ಸುತ್ತಿಕೊಂಡಳು. ಅವಳಿಗೆ ಮಗಳ ಮಾತಿನಲ್ಲಿ ದಾರಿಯೊಂದು ಕಂಡಿತ್ತು.

ಕಟ್ಟುಗೆರೆ ಎಂಬುದೊಂದಿದೆ. ಗೆರೆಯ ಕೊನೆಯನ್ನು ನಡುವಿಗೆ ಹರಿಯಲು ಬಿಡದೆ, ತಿರುಗಿಸಿ ತಂದು ಗೆರೆಗೇ ಕೂಡಿಸಿಬಿಡುವುದು. ಅಲ್ಲಿಗೆ ಬಂದ ಮುಳ್ಳು ಮುಂದಕ್ಕೂ ಹೋಗಲಾರದು, ಹೊರಕ್ಕೂ ಬರಲಾರದು. ಆ ಒಂದು ಸುತ್ತಿನಲ್ಲಿ ಏನಿದೆಯೋ ಅದನ್ನೇ ಹೇಳುತ್ತಿರುತ್ತದೆ. ಅವಳ ತಾಯಿ ಒಮ್ಮೆ ತಮಾಷೆಗೆ ಕೋಳಿ ಕೂಗನ್ನು ಹಾಗೆ ಕಟ್ಟಿ, ನಿಲ್ಲಿಸಲಾಗದೆ ಇಡೀ ಬೀದಿಯಿಂದ ಬೈಸಿಕೊಂಡಿದ್ದಳು.

ಅಚ್ಚಿನವಳು ಬಾಗಿಲು ಹಾಕಿಕೊಂಡು ಮೇಣದ ಬಿಲ್ಲೆಯ ಮೇಲೆ ಕೊರೆಯಲು ಕೂತಳು. "ಇಲ್ಲೇ ಇರು" ಎಂಬ ಗೆರೆಗೆ ಮುಳ್ಳು ಇಳಿಯುವ ಬಾಯನ್ನು ಕೈಲಾದಷ್ಟು ಅಗಲ ಮಾಡಿದಳು. "ಹೋಗಿ ಬಾ" ಎಂಬುದರ ಬಾಯನ್ನು ಕೂದಲೆಳೆಯಷ್ಟು ಸಣ್ಣಗೆ ಬಿಟ್ಟಳು. ಆದರೂ ಮುಳ್ಳು ಅದಕ್ಕೇ ಬಿದ್ದರೆ? ಬಿದ್ದರೆ ಬೀಳಲಿ ಎಂದು ಆ ಗೆರೆಯ ಕೊನೆಯನ್ನು ಕಟ್ಟಿಬಿಟ್ಟಳು. "ಹೋಗಿ" ಎಂಬುದು ಒಮ್ಮೆ ಬರುತ್ತದೆ, ಆಮೇಲೆ ಮುಳ್ಳು ಕಟ್ಟಿಗೆ ಸಿಕ್ಕಿ "ಬಾ, ಬಾ, ಬಾ" ಎನ್ನುತ್ತಲೇ ಇರುತ್ತದೆ. ಮಾತು ಪೂರ್ತಿಯಾಗುವುದಿಲ್ಲ. ಮಾತು ಪೂರ್ತಿಯಾಗದೆ ಮಗಳು ಕದಲುವಂತಿಲ್ಲ. ನೀರು ಹರಿಯುವಷ್ಟು ಕಾಲ ಚಕ್ರ ತಿರುಗುತ್ತದೆ, ಚಕ್ರ ತಿರುಗುವಷ್ಟು ಕಾಲ ಮಗಳು ಉಳಿಯುತ್ತಾಳೆ. ಅಷ್ಟೇ ಅವಳು ಯೋಚಿಸಿದ್ದು. "ಬಾ" ಎಂದು ಕರೆಯುವಾಗ ಅವಳ ಕಣ್ಣ ಮುಂದಿದ್ದದ್ದು ಮಗಳೊಬ್ಬಳೇ, ಆದ್ದರಿಂದ ಇಷ್ಟು ವರ್ಷಗಳಲ್ಲಿ ಯಾವ ತಟ್ಟೆಯಲ್ಲಿಯೂ ಇರದಷ್ಟು ಆಸೆ ಆ ಒಂದು ಅಕ್ಷರದಲ್ಲಿ ಸೇರಿಕೊಂಡಿತು.

ಮುಳ್ಳಿನಯ್ಯ ಹಿಂದಿನ ದಿನ ಬಂದು ಮುಳ್ಳು ಇಳಿಸಿ ಕೇಳಿದ. "ಇಲ್ಲೇ ಇರು" ಕೇಳಿಸಿತು. ಮತ್ತೆ ಮತ್ತೆ ಇಳಿಸಿದ. ಕೊನೆಗೊಮ್ಮೆ "ಹೋಗಿ ಬಾ" ಎಂದು ಕೇಳಿಸಿದ್ದೇ ಮುಳ್ಳು ಎತ್ತಿಬಿಟ್ಟ. ಮುಂದೆ ಏನಿದೆಯೆಂದು ಕಾಯುವ ವ್ಯವಧಾನ ಅವನಿಗಿರಲಿಲ್ಲ.

ತೀರ್ಪಿನ ದಿನ ಬಿಸಿಲು ಜೋರಾಗಿತ್ತು. ಊರೆಲ್ಲ ಬಯಲಿನ ಅಂಚಿನಲ್ಲಿ ನಿಂತಿತ್ತು. ಎಣ್ಣೆಯವಳು ತನ್ನ ಮಾಮೂಲಿ ಜಾಗದಲ್ಲಿ, ಬಾಗಿಲ ಕಾವಲಿನವನ ಪಕ್ಕದಲ್ಲಿದ್ದಳು. ಮಗಳು ಕಹಳೆಯ ಬಾಯಿಗೆ ಎದುರಾಗಿ ನಿಂತಳು. ಅಚ್ಚಿನವಳು ನಿಲ್ಲಬೇಕಾದ ಜಾಗ ಕಾಲುವೆಯ ಈಚೆ ದಡ, ಮಗಳಿಗೂ ಅವಳಿಗೂ ನಡುವೆ ಚಕ್ರ. ಮುಳ್ಳಿನಯ್ಯ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ. ಅವನ ಕೈ ಗಾಳಿಯಲ್ಲಿ ಸ್ವಲ್ಪ ತಡವರಿಸಿ ಕೆಳಗಿಳಿಯಿತು.

"ಹೋಗಿ," ಎಂದಿತು ಕಹಳೆ.

ಅಚ್ಚಿನವಳು ಅಷ್ಟು ಸಣ್ಣಗೆ ಬಿಟ್ಟಿದ್ದ ಬಾಯಿಗೇ ಮುಳ್ಳು ಬಿದ್ದಿತ್ತು.

"ಬಾ," ಎಂದಿತು ಕಹಳೆ. "ಬಾ." ಮತ್ತೆ, "ಬಾ."

ಊರು ಕಾಯಿತು. ಕಹಳೆ ನಿಲ್ಲಲಿಲ್ಲ. ಮಗಳು ತಿರುಗಲು ಎತ್ತಿದ ಕಾಲನ್ನು ಎತ್ತಿದ ಹಾಗೇ ಹಿಡಿದು, ಮೆಲ್ಲಗೆ ಕೆಳಗಿಟ್ಟಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಯ್ಯಾ, ಇನ್ನೂ ಮುಗೀಲಿಲ್ವಲ್ಲ," ಎಂದು ಯಾರೋ ಅಂದರು. "ಮುಗಿಯೋ ತನಕ ಕಾಯಬೇಕು," ಎಂದ ಮುಳ್ಳಿನಯ್ಯ. ಅವನ ದನಿಯಲ್ಲಿ ಮೊದಲ ಸಲ ಅಳುಕಿತ್ತು. ಅಚ್ಚಿನವಳು ಚಕ್ರದಾಚೆಯಿಂದ ಮಗಳನ್ನು ನೋಡಿ ಕಣ್ಣಿನಲ್ಲೇ ನಕ್ಕಳು. ಗೆದ್ದೆನೆಂದೇ ಅವಳು ತಿಳಿದಿದ್ದಳು.

"ಬಾ," ಎಂದಿತು ಕಹಳೆ. ಆ ದನಿ ಗೋಡೆ ದಾಟಿತು, ಗೋಡೆಯಾಚೆಯ ಬೋಳು ನೆಲವನ್ನು ದಾಟಿತು, ಅದರಾಚೆ ಏನಿದೆಯೋ ಅದಕ್ಕೂ ತಾಗಿತು.

ನೆರಳು ಕಾಲಡಿಗೆ ಬರುವ ಹೊತ್ತಿಗೆ ಬಾಗಿಲಿನ ಹೊರಗೆ ಸದ್ದಾಯಿತು. ಬಡಿದ ಸದ್ದಲ್ಲ. ತುಂಬಾ ಜನ ಬಂದು ಮರಕ್ಕೆ ಮೈ ಒರಗಿಸಿ ನಿಂತ ಸದ್ದು. ಕಾವಲಿನವನು ಅಗಣಿಗೆ ಬೆನ್ನು ಕೊಟ್ಟು ನಿಂತ.

"ತೆಗಿ," ಎಂದಳು ಎಣ್ಣೆಯವಳು.

"ನನಗ್ಯಾರೂ ಹೇಳಿಲ್ಲ."

"ತಟ್ಟೆ ಹೇಳ್ತಿಲ್ವಾ? ಕಿವಿ ಇಲ್ವಾ ನಿಂಗೆ? ಬಾ ಅಂತ ಕರೆದು ಬಾಗಿಲು ಹಾಕ್ಕೊಂಡಿರೋದು ಯಾವ ಮರ್ಯಾದೆ? ತಟ್ಟೆ ಮಾತು ಮೀರ್ತೀಯಾ?"

ತಟ್ಟೆಯ ಮಾತನ್ನು ಮೀರುವುದು ಕಾವಲಿನವನಿಗೆ ಗೊತ್ತಿರಲಿಲ್ಲ. ಅವನು ಅಗಣಿ ಎಳೆದ.

ಅವರು ಬಂದರು. ಹೋದಾಗ ಎಷ್ಟು ಪ್ರಾಯವಿತ್ತೋ ಅಷ್ಟೇ ಪ್ರಾಯ, ಹೋದಾಗ ಉಟ್ಟಿದ್ದದ್ದೇ ಬಟ್ಟೆ. ಮೈತುಂಬ ಬಿಳಿಯ ಧೂಳು. ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದರು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕಿವಿಯನ್ನು ಮುಂದೆ ಮಾಡಿಕೊಂಡು ನಡೆಯುತ್ತಿದ್ದರು. ಎಣ್ಣೆಯವಳು ಮಗನನ್ನು ಗುರುತು ಹಿಡಿದು ಅವನ ಹೆಸರು ಕೂಗಿದಳು. ಅವನು ಅವಳ ತೋಳನ್ನು ಸವರಿಕೊಂಡೇ ಮುಂದೆ ಹೋದ. ಕಹಳೆಯ ಕಡೆ ಕಿವಿ ತಿರುಗಿಸಿ, "ಅಮ್ಮಾ, ಬಂದೆ," ಎಂದ. ಹಿಂದೆ ಬಂದವರೂ ಹಾಗೇ ಅಂದರು. ಎಣ್ಣೆಯವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳು ಮೆಲ್ಲಗೆ ಕತ್ತು ತಿರುಗಿಸಿ ಬಯಲಿನಾಚೆ ನಿಂತಿದ್ದ ಅಚ್ಚಿನವಳನ್ನು ನೋಡಿದಳು. ಆ ನೋಟವನ್ನು ಅಚ್ಚಿನವಳು ತಡೆದುಕೊಳ್ಳಲಾರದೆ ತಲೆ ತಗ್ಗಿಸಿದಳು.

ಬಂದವರು ನೆಟ್ಟಗೆ ನಡುವಿಗೆ ಬರಲಿಲ್ಲ. ಬಯಲಿನ ಅಂಚು ಹಿಡಿದು ಸುತ್ತತೊಡಗಿದರು. ಒಂದು ಸುತ್ತು ಮುಗಿದಾಗ ಸ್ವಲ್ಪ ಒಳಗೆ, ಇನ್ನೊಂದು ಮುಗಿದಾಗ ಇನ್ನೂ ಸ್ವಲ್ಪ ಒಳಗೆ. ಬಾಗಿಲಿನಿಂದ ಬರುವವರು ನಿಲ್ಲಲಿಲ್ಲ, ಸುತ್ತುವವರು ನಿಲ್ಲಲಿಲ್ಲ, ಕಹಳೆ ನಿಲ್ಲಲಿಲ್ಲ. ಊರಿನವರು ನಿಂತ ಜಾಗದಿಂದ ಕದಲುವಂತಿರಲಿಲ್ಲ. ತಮ್ಮ ಅಣ್ಣ, ತಮ್ಮ ತಂಗಿ, ತಾವು ಮರೆತಿದ್ದ ಚಿಕ್ಕಂದಿನ ಗೆಳತಿ ಮಗ್ಗುಲಲ್ಲೇ ಹಾದುಹೋಗುವಾಗ ಕಣ್ಣು ಬಿಟ್ಟುಕೊಂಡು ನೋಡಿದರು. ಸುತ್ತಿನ ನಡುವೆ, ಕಹಳೆಯ ಬಾಯಿಗೆ ಎದುರಾಗಿ, ಮಗಳಿದ್ದಳು.

"ಅಮ್ಮಾ," ಎಂದಳು ಮಗಳು.

"ಮುಳ್ಳು ಎತ್ತು ಅಯ್ಯಾ," ಎಂದು ಅಚ್ಚಿನವಳು ಬೇಡಿಕೊಂಡಳು.

"ಮಾತು ಮುಗಿದಿಲ್ಲ." ಮುಳ್ಳಿನಯ್ಯ ಬಟ್ಟೆ ಕಟ್ಟಿದ ಮುಖವನ್ನು ಅತ್ತಿತ್ತ ಆಡಿಸಿದ. "ಏನಿದು ಧೂಳಿನ ವಾಸನೆ? ಯಾರು ಬಂದವರು?"

ಅವಳು ಕಾಲುವೆ ದಾಟಿ ಚಕ್ರದ ಕಡೆ ನುಗ್ಗಿದಳು. ಅಷ್ಟರಲ್ಲಿ ಅವರು ಚಕ್ರವನ್ನು ಸುತ್ತುವರಿದಿದ್ದರು. ಭುಜಕ್ಕೆ ಭುಜ ತಾಗಿಸಿ ನಿಂತ ಅವರ ನಡುವೆ ಕೈ ತೂರಿಸಲೂ ಸಂದಿಯಿರಲಿಲ್ಲ. ಅವರಾಚೆ ಮಗಳ ತಲೆ ಕಾಣುತ್ತಿತ್ತು, ಆಮೇಲೆ ಎತ್ತಿದ ಒಂದು ಕೈ ಮಾತ್ರ.

"ಈ ಕಡೆ ಬಾ ಮಗಳೇ, ಬಾ," ಎಂದು ಅವಳು ಕೂಗಿದಳು.

ಅವರೆಲ್ಲ ಒಟ್ಟಿಗೆ ಒಂದು ಹೆಜ್ಜೆ ಒಳಗೆ ಬಂದರು. ಕಹಳೆಯ ದನಿ ಯಾವುದು, ಬಾಯಿಯ ದನಿ ಯಾವುದು, ಕಣ್ಣು ಮುಚ್ಚಿದವರಿಗೆ ಹೇಗೆ ತಿಳಿಯಬೇಕು? ಕೂಗಿದ್ದು ಒಂದೇ ದನಿ, ಕರೆದದ್ದು ಒಂದೇ ಮಾತು. "ಬಂದೆ ಅಮ್ಮಾ," ಎಂದರು ಎಲ್ಲರೂ. ಮಗಳು ಉಸಿರು ಸಿಗದೆ ಚೀರಿದ್ದು ಅವರ ನಡುವಿನಿಂದ ಕೇಳಿಸಿತು.

ಇನ್ನೊಂದು ಹೆಜ್ಜೆ ಒಳಗಿಟ್ಟರೆ ಮಗಳು ಉಳಿಯುವುದಿಲ್ಲವೆಂದು ಅಚ್ಚಿನವಳಿಗೆ ಗೊತ್ತಾಯಿತು. ಅವರನ್ನು ಹಿಂದಕ್ಕೆ ಸರಿಸಬೇಕು, ಅಷ್ಟೇ. ತನ್ನ ದನಿಗೆ ಬಂದವರು ತನ್ನ ದನಿಗೆ ಸರಿಯುತ್ತಾರೆ. ಅಷ್ಟು ಜನಕ್ಕೆ ಒಟ್ಟಿಗೆ ಹೇಳಬೇಕಾದ ಮಾತನ್ನು ಅವಳು ಗಂಟಲು ಹರಿಯುವಂತೆ ಕೂಗಿದಳು.

"ಹೋಗಿ!"

"ಬಾ," ಎಂದಿತು ಕಹಳೆ.

ಬಂದವರ ಹೆಜ್ಜೆ ನಿಂತಿತು. ಎಲ್ಲರ ಕಿವಿಗೂ ಒಂದೇ ದನಿಯಲ್ಲಿ, ಒಂದೇ ಉಸಿರಿನಲ್ಲಿ, ಮೊದಲೂ ಕೊನೆಯೂ ಇರುವ "ಹೋಗಿ ಬಾ" ಎಂಬ ಒಂದು ಮಾತು ಕೇಳಿಸಿತ್ತು. "ಪೂರ್ತಿ ಆಯ್ತು," ಎಂದು ಹೇಳಿ ಮುಳ್ಳಿನಯ್ಯ ಮುಳ್ಳು ಎತ್ತಿದ.

ಬಂದವರು ಗಕ್ಕನೆ ತಿರುಗಿದರು. ಯಾರ ಮುಖದಲ್ಲಿಯೂ ಸಿಟ್ಟಿರಲಿಲ್ಲ. ಹಿಂದೊಮ್ಮೆ ಹೋದ ಹಾಗೆಯೇ ನಗುನಗುತ್ತ ಬಾಗಿಲಿನ ಕಡೆ ನಡೆದರು. ಅವರು ತೆರವು ಮಾಡಿದ ಜಾಗದಲ್ಲಿ ಮಗಳು ನಿಂತಿದ್ದಳು, ಮೈಯೆಲ್ಲ ಬಿಳಿಯ ಧೂಳು ಮೆತ್ತಿಕೊಂಡು, ಜೀವಂತವಾಗಿ. ಅಚ್ಚಿನವಳು ಅವಳ ಕಡೆ ಓಡಿದಳು. ಮಗಳು ತಾಯಿಯ ಮುಖ ನೋಡಿದಳು, ಮಾತು ಮುಗಿದದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. ಚಿಕ್ಕಂದಿನಿಂದ ಕಲಿತ ಕಾಲುಗಳು ತಾವಾಗಿ ತಿರುಗಿದವು. ಕಣ್ಣು ಮುಚ್ಚಿಕೊಂಡು ಅವಳು ಎಣ್ಣೆಯವಳ ಮಗನ ಹಿಂದೆ ನಡೆದಳು, ಕತ್ತು ಹೊರಳಿಸಲಿಲ್ಲ. ಎಣ್ಣೆಯವಳು ಅವರಿಬ್ಬರಿಗೂ ದಾರಿ ಬಿಟ್ಟು ನಿಂತಳು. ಕೊನೆಯವರು ದಾಟಿದ ಮೇಲೆ ಕಾವಲಿನವನು ಅಗಣಿ ಹಾಕಿದ.

ಅಚ್ಚಿನವಳು ಬಾಗಿಲಿಗೆ ಎರಡೂ ಕೈ ಊರಿ ಬಾಯಿ ತೆರೆದಳು. ಮಗಳು ಇನ್ನೂ ಬಹಳ ದೂರ ಹೋಗಿರಲಿಲ್ಲ, ಕರೆದರೆ ಕೇಳಿಸುತ್ತಿತ್ತು. ಕರೆಯುವುದಕ್ಕೆ ಇದ್ದದ್ದು ಒಂದೇ ಮಾತು. ಅದನ್ನು ಕೇಳಿದರೆ ಯಾರು ಯಾರು ಬರುತ್ತಾರೆ ಎಂಬುದು ಈಗ ಅವಳಿಗೆ ಗೊತ್ತಿತ್ತು. ಊರೆಲ್ಲ ಅವಳ ಬಾಯನ್ನೇ ನೋಡುತ್ತಿತ್ತು. ಅವಳು ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು.